ಈಜು ಕಲಿಯುವುದು ಮಗು, ದಡದಲ್ಲಿರುವುದು ನಾವು

ಏಪ್ರಿಲ್ ಮೊದಲ ವಾರ ಬೆಳಿಗ್ಗೆ ಏಳು ಗಂಟೆಗೆ ಬೆಂಗಳೂರಿನ ಯಾವ ಈಜುಕೊಳಕ್ಕೆ ಹೋದರೂ ನೀರಿನ ಸದ್ದಿಗಿಂತ ದಡದ ಸದ್ದೇ ಜೋರು. ‘ತಲೆ ಒಳಗೆ ಹಾಕು ಪುಟ್ಟಾ’, ‘ಕಾಲು ಬಡಿ, ಕಾಲು’, ‘ಆ ಹುಡುಗಿಯನ್ನು ನೋಡು, ಎಷ್ಟು ಚೆನ್ನಾಗಿ ಮಾಡುತ್ತಿದ್ದಾಳೆ’. ಹೀಗೆ ಕೂಗುವವರಲ್ಲಿ ಅನೇಕರಿಗೆ ಸ್ವತಃ ಈಜು ಬಾರದು. ನಾನೂ ಹಾಗೆ ಕೂಗಿದವನೇ. ಮಗಳಿಗೆ ಆರು ವರ್ಷವಿದ್ದಾಗ 21 ದಿನಗಳ ಬೇಸಿಗೆ ಶಿಬಿರಕ್ಕೆ ಸೇರಿಸಿದ್ದೆ. ಮೂರನೆಯ ದಿನ ಅವಳು ಕಂಬಿ ಹಿಡಿದುಕೊಂಡು ಅಳುತ್ತಿದ್ದಾಗ ಕೋಚ್‌ಗೆ, ‘ತಳ್ಳಿಬಿಡಿ ಸರ್, ತಾನಾಗಿ ಕಲಿಯುತ್ತಾಳೆ’ ಎಂದೆ. ಅವರು ತಳ್ಳಿದರು. ಆಮೇಲೆ ಎರಡು ವರ್ಷ ಅವಳು ಈಜುಕೊಳದ ಹೆಸರೆತ್ತಿದರೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಹಾಗೆ ಹೇಳಲು ನನಗೆ ಧೈರ್ಯ ಕೊಟ್ಟದ್ದು ಮನೆಯಲ್ಲಿ ಕೇಳಿದ್ದ ಕಥೆ. ಅಪ್ಪ ಈಜು ಕಲಿತದ್ದು ಊರ ತೋಟದ ಬಾವಿಯಲ್ಲಿ. ಅವರ ಸೋದರಮಾವ ಮೇಲಿನಿಂದ ತಳ್ಳಿದರು, ಅಪ್ಪ ಈಜಿಕೊಂಡು ಮೇಲೆ ಬಂದರು. ಮಗಳ ರಾದ್ಧಾಂತ ಮುಗಿದ ಮೇಲೆ ಒಮ್ಮೆ ಕೂತು ವಿವರವಾಗಿ ಕೇಳಿದಾಗ ಉಳಿದದ್ದೆಲ್ಲ ಹೊರಬಂತು. ತಳ್ಳುವ ಮೊದಲು ಒಂದು ತಿಂಗಳು ಬಾವಿಯ ಮೆಟ್ಟಿಲಿನ ಮೇಲೆ ಕುಳಿತು ಕಾಲು ಆಡಿಸಿದ್ದರಂತೆ. ಬೆನ್ನಿಗೆ ಒಣಗಿಸಿದ ಸೋರೆಬುರುಡೆ ಕಟ್ಟಿದ್ದರಂತೆ. ಸೊಂಟಕ್ಕೆ ಹಗ್ಗವಿತ್ತು, ಹಗ್ಗದ ಇನ್ನೊಂದು ತುದಿ ಮಾವನ ಕೈಯಲ್ಲಿತ್ತು. ತಳ್ಳಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಹಗ್ಗವನ್ನು ಮರೆತುಬಿಡುತ್ತಾರೆ.

ಮಕ್ಕಳ ಈಜು ತರಗತಿಯಲ್ಲಿ ಹೆತ್ತವರ ಪಾಲಿಗೆ ಬರುವುದು ಆ ಹಗ್ಗ ಹಿಡಿಯುವ ಕೆಲಸ. ಕಲಿಸುವುದು ಕೋಚ್‌ನ ಕೆಲಸ, ಕಲಿಯುವುದು ಮಗುವಿನ ಕೆಲಸ. ನಾವು ಮಾಡಬೇಕಾದದ್ದೆಲ್ಲ ತರಗತಿಯ ಹಿಂದೆ ಮುಂದೆ ಇರುತ್ತದೆ. ಮಗಳ ವಿಷಯದಲ್ಲಿ ಕೆಡಿಸಿಕೊಂಡು, ಆಮೇಲೆ ಅವಳ ಮತ್ತು ಅವಳ ತಮ್ಮನ ವಿಷಯದಲ್ಲಿ ಸರಿಮಾಡಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾವ ವಯಸ್ಸಿಗೆ

ಅಮೆರಿಕದ ಮಕ್ಕಳ ವೈದ್ಯರ ಸಂಘ ಒಂದು ವರ್ಷ ತುಂಬಿದ ಮೇಲೆ ನೀರಿನ ಪಾಠ ಶುರುಮಾಡಬಹುದು, ನಾಲ್ಕು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ತರಗತಿಗೆ ಸಿದ್ಧರಾಗಿರುತ್ತಾರೆ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಆರು ವರ್ಷ ದಾಟಿದ ಶಾಲಾ ಮಕ್ಕಳಿಗೆಲ್ಲ ಈಜಿನ ಮೂಲಪಾಠ ಮತ್ತು ನೀರಿನ ಸುರಕ್ಷತೆಯನ್ನು ಕಲಿಸಬೇಕೆಂದು ಶಿಫಾರಸು ಮಾಡುತ್ತದೆ. ನಮ್ಮ ಬೇಸಿಗೆ ಶಿಬಿರಗಳ ಗದ್ದಲ ನೋಡಿದರೆ ಐದೂವರೆ, ಆರು ವರ್ಷ ಸರಿ ಎಂಬುದು ನನ್ನ ಅಭಿಪ್ರಾಯ. ವಯಸ್ಸಿಗಿಂತ ಎತ್ತರವನ್ನು ನೋಡಿ. ಕೊಳದ ತಗ್ಗಿನ ಭಾಗದಲ್ಲಿ ಮೂರಡಿ ನೀರಿದ್ದರೆ ಮಗು ಅಲ್ಲಿ ನಿಂತಾಗ ನೀರು ಎದೆಮಟ್ಟ ದಾಟಬಾರದು. ಕತ್ತಿನವರೆಗೆ ನೀರು ಬರುವ ಕಡೆ ತುದಿಗಾಲಿನಲ್ಲಿ ನಿಂತ ಮಗುವಿಗೆ ಪಾಠ ತಲೆಗೆ ಹೋಗುವುದಿಲ್ಲ, ಭಯ ಹೋಗುತ್ತದೆ.

ಹಣ ಕಟ್ಟುವ ಮೊದಲು ಒಮ್ಮೆ ಹೋಗಿ ನೋಡಿ

ಮಗುವನ್ನು ಕರೆದುಕೊಂಡು ಹೋಗಬೇಡಿ, ನೀವು ಒಬ್ಬರೇ ಹೋಗಿ. ನಿಮ್ಮ ಮಗು ಸೇರಲಿರುವ ಹೊತ್ತಿಗೇ ಹೋಗಿ, ಏಕೆಂದರೆ ಮಧ್ಯಾಹ್ನ ಮೂರಕ್ಕೆ ಖಾಲಿ ಇರುವ ಕೊಳ ಬೆಳಿಗ್ಗೆ ಏಳಕ್ಕೆ ಜಾತ್ರೆಯಾಗಿರಬಹುದು. ಅರ್ಧ ಗಂಟೆ ನಿಂತರೆ ಬೇಕಾದದ್ದೆಲ್ಲ ಕಾಣುತ್ತದೆ.

ಮೊದಲು ನೀರು. ಆಳದ ಕಡೆಯ ತಳ, ತಳದಲ್ಲಿರುವ ಜಾಲರಿ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ಮುಳುಗಿದ ಮಗುವೂ ಕಾಣುವುದಿಲ್ಲ, ಅಲ್ಲಿಗೆ ಮಾತು ಮುಗಿಯಿತು, ಬೇರೆ ಕೊಳ ಹುಡುಕಿ. ಜಾಲರಿ ಮುರಿದಿದ್ದರೂ ಬೇಡ, ನೀರು ಎಳೆಯುವ ತೂತಿಗೆ ಉದ್ದ ಕೂದಲು ಸಿಕ್ಕಿಕೊಳ್ಳುವ ಅಪಾಯವಿದೆ. ಕಣ್ಣು ಉರಿಸುವ ಕ್ಲೋರಿನ್ ವಾಸನೆ ಬಂದರೆ ‘ಚೆನ್ನಾಗಿ ಔಷಧಿ ಹಾಕಿದ್ದಾರೆ’ ಎಂದು ಸಮಾಧಾನಪಡಬೇಡಿ. ಕ್ಲೋರಿನ್ ಬೆವರು, ಮೂತ್ರಗಳ ಜೊತೆ ಸೇರಿದಾಗ ಹುಟ್ಟುವ ಕ್ಲೋರಮೈನ್‌ನ ವಾಸನೆ ಅದು. ಘಾಟು ಹೆಚ್ಚಾದಷ್ಟೂ ನೀರು ಕೊಳಕು ಎಂದೇ ಅರ್ಥ. ಚೆನ್ನಾಗಿ ನಡೆಯುವ ಕೊಳದಲ್ಲಿ ದಿನದ ಅಳತೆಯನ್ನು ಫಲಕದಲ್ಲಿ ಬರೆದಿರುತ್ತಾರೆ: ಲೀಟರಿಗೆ ಕನಿಷ್ಠ 1 ಮಿಲಿಗ್ರಾಂ ಕ್ಲೋರಿನ್, ಪಿಎಚ್ 7.2ರಿಂದ 7.8ರ ನಡುವೆ. ಫಲಕವಿಲ್ಲದಿದ್ದರೆ ಕೇಳಿ. ಉತ್ತರಕ್ಕಿಂತ ಉತ್ತರ ಕೊಡುವವರ ಮುಖ ನೋಡಿದರೆ ಹೆಚ್ಚು ತಿಳಿಯುತ್ತದೆ.

ಆಮೇಲೆ ಜನ. ಕೋಚ್ ಬೇರೆ, ಲೈಫ್‌ಗಾರ್ಡ್ ಬೇರೆ ಇರಬೇಕು. ಕಲಿಸುತ್ತಿರುವವರಿಗೆ ಇಡೀ ಕೊಳದ ಮೇಲೆ ಕಣ್ಣಿಡಲು ಸಾಧ್ಯವಿಲ್ಲ. ಲೈಫ್‌ಗಾರ್ಡ್ ಇದ್ದಾರೆ, ಆದರೆ ಮೊಬೈಲ್ ನೋಡುತ್ತಿದ್ದಾರೆ ಎಂದರೆ ಇಲ್ಲದ ಹಾಗೆಯೇ ಲೆಕ್ಕ. ಈಜು ಬಾರದ ಮಕ್ಕಳು ಒಬ್ಬ ಕೋಚ್‌ಗೆ ಎಷ್ಟು ಮಂದಿ ಎಂದು ಎಣಿಸಿ. ಆರು ದಾಟಿದರೆ ನಾನು ಹಿಂಜರಿಯುತ್ತೇನೆ. ಹದಿನೈದು ಮಕ್ಕಳನ್ನು ಅಂಚಿನಲ್ಲಿ ಸಾಲಾಗಿ ಕೂರಿಸಿ ಒಬ್ಬೊಬ್ಬರನ್ನೇ ಇಳಿಸುವ ಕಡೆ, ಒಂದು ಗಂಟೆಯ ತರಗತಿಯಲ್ಲಿ ನಿಮ್ಮ ಮಗುವಿಗೆ ಸಿಗುವುದು ನಾಲ್ಕು ನಿಮಿಷ ನೀರು, ಉಳಿದದ್ದು ಚಳಿ. ಕೋಚ್ ನೀರಿನಲ್ಲಿದ್ದಾರೋ ದಡದಲ್ಲಿ ಕೋಲು ಹಿಡಿದು ನಿಂತಿದ್ದಾರೋ ನೋಡಿ. ಹೊಸ ಮಕ್ಕಳ ಕೋಚ್ ನೀರಿನಲ್ಲಿರಬೇಕು.

ಇನ್ನೊಂದು ವಿಷಯವನ್ನು ಸಂಕೋಚವಿಲ್ಲದೆ ಕೇಳಿ: ಬಟ್ಟೆ ಬದಲಿಸುವ ಕೋಣೆಗೆ ಯಾರು ಯಾರು ಹೋಗಬಹುದು, ಮಹಿಳಾ ಕೋಚ್ ಇದ್ದಾರೆಯೇ, ಹೆತ್ತವರು ಕೊಳ ಕಾಣುವಂತೆ ಕೂರಲು ಜಾಗವಿದೆಯೇ. ತೇಲುವುದನ್ನು ಕಲಿಸುವಾಗ ಕೋಚ್ ಮಗುವಿನ ಬೆನ್ನು, ಹೊಟ್ಟೆ, ತಲೆಯ ಕೆಳಗೆ ಕೈಕೊಡಲೇಬೇಕಾಗುತ್ತದೆ. ಅದನ್ನು ಮಗುವಿಗೆ ಮೊದಲೇ ತಿಳಿಸಿ. ಅದರಾಚೆಗೆ ಯಾರು ಮುಟ್ಟಿದರೂ, ಗುಟ್ಟಾಗಿಡು ಎಂದರೂ, ಅದೇ ದಿನ ಬಂದು ನನಗೆ ಹೇಳು ಎಂಬುದನ್ನೂ ತಿಳಿಸಿ.

ಬಚ್ಚಲುಮನೆಯ ಎರಡು ವಾರ

ಇಡೀ ಲೇಖನದಲ್ಲಿ ಒಂದನ್ನೇ ಮಾಡುತ್ತೇನೆ ಎನ್ನುವವರು ಇದನ್ನು ಮಾಡಿ. ನೀರಿಗೆ ಹೆದರುವ ಮಕ್ಕಳಲ್ಲಿ ಹಲವರಿಗೆ ಇರುವುದು ಆಳದ ಭಯವಲ್ಲ, ಮುಖಕ್ಕೆ ನೀರು ಬೀಳುವ ಭಯ. ಅದರಲ್ಲಿ ನಮ್ಮ ಪಾಲೂ ಇದೆ. ಎಣ್ಣೆ ಸ್ನಾನದ ದಿನ ಕೂಗಾಡುವ ಮಗುವಿನ ತಲೆ ಬಗ್ಗಿಸಿ, ಸೀಗೆಪುಡಿ ಕಣ್ಣಿಗೆ ಹೋದರೂ ಬಿಡದೆ, ಚೊಂಬಿನ ಮೇಲೆ ಚೊಂಬು ನೀರು ಸುರಿದವರು ನಾವು. ಅದೂ ಸಾಲದೆ ‘ಬಾವಿಯ ಹತ್ತಿರ ಹೋದರೆ ಗುಮ್ಮ ಎಳೆದುಕೊಳ್ಳುತ್ತದೆ’ ಎಂದು ಐದು ವರ್ಷ ಹೆದರಿಸಿ, ಆರನೆಯ ವರ್ಷ ಹಣ ಕಟ್ಟಿ ಬಂದು ‘ಹೆದರಬೇಡ, ಇಳಿ’ ಎನ್ನುತ್ತೇವೆ. ಮಗು ಯಾವುದನ್ನು ನಂಬಬೇಕು? ಗುಮ್ಮನನ್ನು ಮೊದಲು ವಾಪಸು ತೆಗೆದುಕೊಳ್ಳಿ. ‘ಅದು ಸುಳ್ಳು ಹೇಳಿದ್ದೆ. ನೀರಿನ ಹತ್ತಿರ ದೊಡ್ಡವರಿಲ್ಲದೆ ಹೋಗಬಾರದು, ಅಷ್ಟೇ ನಿಜ’ ಎಂದು ಬಾಯಿಬಿಟ್ಟು ಹೇಳಿ. ನನ್ನ ಮಗಳಿಗೆ ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಹಾಗಾದರೆ ಮೊಸಳೆ?’ ಎಂದಳು. ಮೊಸಳೆಯ ವಿಷಯವನ್ನು ಅವಳ ಅಜ್ಜಿ ಹೇಳಿದ್ದರಂತೆ.

ತರಗತಿಗೆ ಎರಡು ವಾರ ಇರುವಾಗ ಹೀಗೆ ಶುರುಮಾಡಿ, ದಿನಕ್ಕೆ ಹತ್ತು ನಿಮಿಷ ಸಾಕು.

1. ಸ್ನಾನದ ಹೊತ್ತಿಗೆ ನೀರನ್ನು ಮೊದಲು ಭುಜಕ್ಕೆ, ಆಮೇಲೆ ಕತ್ತಿನ ಹಿಂಭಾಗಕ್ಕೆ, ಕೆಲವು ದಿನ ಕಳೆದ ಮೇಲೆ ತಲೆಗೆ ಹಾಕಿ. ಪ್ರತಿ ಸಲವೂ ‘ಒಂದು, ಎರಡು, ಮೂರು’ ಎಂದು ಎಣಿಸಿ ಮೂರಕ್ಕೇ ಹಾಕಿ. ಎರಡಕ್ಕೆ ಹಾಕಿ ನಗಬೇಡಿ. ಆ ತಮಾಷೆಯ ಬೆಲೆಯನ್ನು ಕೊಳದಲ್ಲಿ ತೆರಬೇಕಾಗುತ್ತದೆ.

2. ಲೋಟದ ನೀರಿನಲ್ಲಿ ಸ್ಟ್ರಾ ಇಟ್ಟು ಗುಳ್ಳೆ ಊದಿಸಿ. ಒಂದೆರಡು ದಿನ ಕಳೆದ ಮೇಲೆ ಸ್ಟ್ರಾ ತೆಗೆದು, ಅಗಲವಾದ ಪಾತ್ರೆಯಲ್ಲಿ ತುಟಿ ಅದ್ದಿ ಊದಿಸಿ. ಆಮೇಲೆ ಮೂಗನ್ನೂ ಅದ್ದಿ ಬಾಯಿಮುಚ್ಚಿ ‘ಮ್‌ಮ್‌ಮ್’ ಎಂದು ಗುನುಗಲು ಹೇಳಿ. ಗುನುಗುವಾಗ ಗಾಳಿ ಮೂಗಿನಿಂದ ಹೊರಬರುತ್ತಲೇ ಇರುತ್ತದೆ, ನೀರು ಒಳಗೆ ನುಗ್ಗುವುದಿಲ್ಲ. ಈಜಿನ ಉಸಿರಾಟದ ಅರ್ಧ ಪಾಠ ಇಷ್ಟೇ.

3. ಈಜುಕನ್ನಡಕ ಹಾಕಿಸಿ ಮುಖ ಅದ್ದಿಸಿ, ನೀವು ನೀರಿನೊಳಗೆ ಎಷ್ಟು ಬೆರಳು ತೋರಿಸಿದಿರಿ ಎಂದು ಹೇಳಿಸಿ. ನನ್ನ ಮಗ ಈ ಆಟವನ್ನು ಬಿಡಲು ಒಪ್ಪದೆ ಶಾಲೆಯ ವ್ಯಾನ್ ತಪ್ಪಿಸಿಕೊಂಡಿದ್ದಾನೆ.

ಯಾರು ಹೆಚ್ಚು ಹೊತ್ತು ಉಸಿರು ಬಿಗಿಹಿಡಿಯುತ್ತಾರೆ ಎಂಬ ಪಂದ್ಯವನ್ನು ಮಾತ್ರ ಬಚ್ಚಲಲ್ಲಾಗಲಿ ಕೊಳದಲ್ಲಾಗಲಿ ಆಡಿಸಬೇಡಿ. ನೀರಿನೊಳಗೆ ಪ್ರಜ್ಞೆ ತಪ್ಪುವುದು ಹಾಗೆಯೇ. ಮನೆಯಲ್ಲಿ ಇನ್ನೂ ಪುಟ್ಟ ಮಗು ಇದ್ದರೆ ಆಟ ಮುಗಿದ ಕೂಡಲೇ ಬಕೆಟ್ ಖಾಲಿ ಮಾಡಿ ಕವುಚಿಡಿ. ನಡೆಯಲು ಕಲಿತಿರುವ ಮಗುವಿಗೆ ಬಕೆಟ್‌ನ ಗೇಣುದ್ದ ನೀರೂ ಅಪಾಯವೇ.

ಚೀಲ ಮತ್ತು ಹೊಟ್ಟೆ

ಈಜುಡುಪು ನೈಲಾನ್ ಅಥವಾ ಲೈಕ್ರಾದ್ದಿರಲಿ. ಹತ್ತಿಯ ಬನಿಯನ್, ಚಡ್ಡಿ ನೀರು ಕುಡಿದು ಭಾರವಾಗುತ್ತವೆ, ಹೆಚ್ಚಿನ ಕೊಳಗಳಲ್ಲಿ ಬಿಡುವುದೂ ಇಲ್ಲ. ಮೊಣಕಾಲಿನವರೆಗೆ, ಪಾದದವರೆಗೆ ಬರುವ ಉಡುಪುಗಳೂ ಸಿಗುತ್ತವೆ. ಹುಡುಗಿಯರಿಗೆ ಯಾವುದು ನಿರಾಳವೋ ಅದನ್ನೇ ಅವರು ಆರಿಸಿಕೊಳ್ಳಲಿ. ಮುಟ್ಟಿನ ದಿನಗಳಲ್ಲಿ ‘ನಾಲ್ಕು ದಿನ ಬರುವುದಿಲ್ಲ’ ಎಂದಷ್ಟೇ ಕೋಚ್‌ಗೆ ತಿಳಿಸಿದರೆ ಸಾಕು, ಮನೆಯಲ್ಲಿ ‘ತರಗತಿ ವ್ಯರ್ಥವಾಯಿತು’ ಎಂಬ ಲೆಕ್ಕಾಚಾರ ಬೇಡ. ಕನ್ನಡಕವನ್ನು ಅಂಗಡಿಯಲ್ಲೇ ಪರೀಕ್ಷಿಸಿ: ಪಟ್ಟಿ ಹಾಕದೆ ಕಣ್ಣಿಗೆ ಮೆಲ್ಲಗೆ ಒತ್ತಿ ಕೈಬಿಟ್ಟರೆ ಒಂದೆರಡು ಕ್ಷಣ ಅಂಟಿಕೊಂಡು ನಿಲ್ಲಬೇಕು. ಸಿಲಿಕಾನ್ ಟೋಪಿ ಹಾಕುವ ಮೊದಲು ಕೂದಲನ್ನು ಸಾದಾ ನೀರಿನಲ್ಲಿ ನೆನೆಸಿ, ಆಗಲೇ ನೆಂದ ಕೂದಲು ಕ್ಲೋರಿನ್ ನೀರನ್ನು ಕಡಿಮೆ ಹೀರುತ್ತದೆ. ತಲೆಗೆ ಎಣ್ಣೆ ಹಚ್ಚಿ ಕಳಿಸಬೇಡಿ. ಜೊತೆಗೆ ದಪ್ಪ ಟವೆಲ್, ಜಾರದ ಚಪ್ಪಲಿ, ಒದ್ದೆ ಬಟ್ಟೆಗೊಂದು ಪ್ಲಾಸ್ಟಿಕ್ ಚೀಲ. ತೋಳಿಗೆ ಹಾಕುವ ಗಾಳಿ ತುಂಬಿದ ಬಳೆಗಳನ್ನು ಕೊಳ್ಳಬೇಡಿ. ಅವು ಮಗುವನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸುತ್ತವೆ, ಈಜಿಗೆ ಬೇಕಾದದ್ದು ಮಲಗಿದ ಭಂಗಿ. ಅದಕ್ಕಿಂತ ಹೆಚ್ಚಾಗಿ, ಬಳೆ ಇಲ್ಲದ ದಿನವೂ ತಾನು ತೇಲುತ್ತೇನೆ ಎಂದು ಮಗು ನಂಬಿಬಿಡುತ್ತದೆ.

ತರಗತಿಗೆ ಒಂದು ಗಂಟೆ ಮೊದಲು ಬಾಳೆಹಣ್ಣು ಅಥವಾ ಅರ್ಧ ಲೋಟ ರಾಗಿ ಗಂಜಿ ಸಾಕು. ಹೊಟ್ಟೆ ತುಂಬ ಉಪ್ಪಿಟ್ಟು ತಿಂದು ಬಂದು, ಎರಡು ಗುಟುಕು ನೀರು ಕುಡಿದು, ಕೊಳದಲ್ಲಿ ವಾಂತಿ ಮಾಡಿದ ಮಗುವಿನ ತಂದೆಯಾಗಿ ನಾನು ನೂರು ಜನರ ಮುಂದೆ ನಿಂತಿದ್ದೇನೆ. ಎಲ್ಲರನ್ನೂ ಮೇಲೆ ಹತ್ತಿಸಿ ಕೊಳ ಮುಚ್ಚಿದರು. ತರಗತಿ ಮುಗಿದ ಮೇಲಿನ ಹಸಿವು ಬೇರೆಯೇ ಮಟ್ಟದ್ದು, ಅದಕ್ಕೆ ಚೀಲದಲ್ಲಿ ಚಿಕ್ಕಿಯೋ ಚಪಾತಿಯೋ ಇರಲಿ.

ಉಬ್ಬಸ, ಮೂರ್ಛೆ ರೋಗ, ಕಿವಿ ಸೋರುವುದು ಇದ್ದರೆ ಮೊದಲು ವೈದ್ಯರನ್ನು ಕೇಳಿ, ಕೋಚ್‌ಗೂ ತಿಳಿಸಿ. ‘ಹೇಳಿದರೆ ಸೇರಿಸಿಕೊಳ್ಳುವುದಿಲ್ಲ’ ಎಂದು ಮುಚ್ಚಿಡುವವರನ್ನು ನೋಡಿದ್ದೇನೆ. ಮೂರ್ಛೆ ರೋಗವಿರುವ ಮಗು ಈಜಬಾರದು ಎಂದಿಲ್ಲ, ಆದರೆ ಅದರ ಮೇಲೆ ಬೇರೊಬ್ಬರ ಕಣ್ಣು ಸದಾ ಇರಬೇಕು. ಆ ಕಣ್ಣಿಗೆ ವಿಷಯ ಗೊತ್ತಿರಬೇಡವೇ? ಭೇದಿ ಇದ್ದಾಗ, ಜ್ವರ ಬಂದಾಗ, ಕಣ್ಣು ಕೆಂಪಾಗಿದ್ದಾಗ ಕಳಿಸಬೇಡಿ.

ಮೊದಲ ವಾರದ ಅಳು

ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಎಂಬ ಗಾದೆ ಇಳಿದವರಿಗೆ ಮಾತ್ರ. ಇಳಿಯಲೇ ಒಪ್ಪದ ಮಗುವನ್ನು ಏನು ಮಾಡಬೇಕು ಎಂಬುದನ್ನು ಅದು ಹೇಳುವುದಿಲ್ಲ.

ಅಳುವಿನಲ್ಲಿ ಎರಡು ಬಗೆ. ಅಳುತ್ತಲೇ ಕೋಚ್ ಹೇಳಿದ್ದನ್ನು ಮಾಡುವ ಮಗು, ಅತ್ತುಕೊಂಡೇ ಗುಳ್ಳೆ ಬಿಡುವ ಮಗು, ಸರಿಹೋಗುತ್ತದೆ. ಅಲ್ಲೇ ಇರಿ, ಆದರೆ ನಡುವೆ ಹೋಗಬೇಡಿ. ಮೈ ಬಿಗಿಮಾಡಿಕೊಂಡು, ಮಾತು ಕೇಳಿಸಿಕೊಳ್ಳಲಾಗದೆ, ಕೋಚ್‌ನ ಕುತ್ತಿಗೆಗೆ ಜೋತುಬೀಳುವ ಮಗು ಆ ದಿನ ಏನನ್ನೂ ಕಲಿಯುವುದಿಲ್ಲ. ಅದನ್ನು ಮೆಟ್ಟಿಲಿನ ಮೇಲೆ ಕೂರಿಸಿ, ಕಾಲು ಮಾತ್ರ ನೀರಿನಲ್ಲಿಡಲು ಬಿಡಬಹುದೇ ಎಂದು ಕೋಚ್‌ನನ್ನು ಕೇಳಿ. ‘ಇಲ್ಲ, ಹಾಗೆಲ್ಲ ಮುದ್ದು ಮಾಡಿದರೆ ಆಗುವುದಿಲ್ಲ’ ಎಂದರೆ ಕೋಚ್ ಬದಲಿಸಿ. ರಾತ್ರಿ ಬೆಚ್ಚಿ ಏಳುವುದು, ಬೆಳಿಗ್ಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು, ಇವು ಒಂದು ವಾರ ದಾಟಿದರೂ ನಿಲ್ಲದಿದ್ದರೆ ಈ ಬೇಸಿಗೆಗೆ ಸಾಕು ಎಂದು ನಿಲ್ಲಿಸಿ. ಕಟ್ಟಿದ ಹಣ ಹೋಗುತ್ತದೆ. ನಾನು ಆ ಹಣವನ್ನು ಉಳಿಸಲು ಹೋಗಿ ಎರಡು ವರ್ಷ ಕಳೆದುಕೊಂಡೆ.

ಎರಡನೆಯ ಪ್ರಯತ್ನದಲ್ಲಿ ಮಗಳಿಗೆ ಸಿಕ್ಕಿದ್ದು ಐವತ್ತು ದಾಟಿದ ಒಬ್ಬ ಮಹಿಳಾ ಕೋಚ್. ನಾಲ್ಕು ದಿನ ಅವರು ಅವಳನ್ನು ನೀರಿಗೆ ಕರೆಯಲೇ ಇಲ್ಲ. ಮೆಟ್ಟಿಲಿನ ಮೇಲೆ ಜೊತೆಗೆ ಕುಳಿತು, ಬೇರೆ ಮಕ್ಕಳ ಕಾಲು ಸರಿಯಾಗಿ ಬಡಿಯುತ್ತಿದೆಯೇ ಎಂದು ಇವಳಿಂದಲೇ ಹೇಳಿಸಿದರು. ಐದನೆಯ ದಿನ ಇವಳೇ ‘ಆ ಹುಡುಗ ತಪ್ಪು ಮಾಡುತ್ತಿದ್ದಾನೆ, ತೋರಿಸಿಕೊಡಲೇ?’ ಎಂದು ಇಳಿದಳು.

ಹೆದರುವ ಮಗು ಈಜುಗಾರನಾಗುವುದಿಲ್ಲ ಎಂದು ತೀರ್ಮಾನಿಸುವ ಮೊದಲು ಇಬ್ಬರನ್ನು ನೆನಪಿಸಿಕೊಳ್ಳಿ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದ ಬೆಂಗಳೂರಿನ ನಿಶಾ ಮಿಲೆಟ್, ಐದು ವರ್ಷದವರಿದ್ದಾಗ ಮುಳುಗಿ ಪಾರಾಗಿ ನೀರಿಗೆ ಹೆದರುತ್ತಿದ್ದವರು. 2024ರಲ್ಲಿ ಪ್ಯಾರಿಸ್‌ನಲ್ಲಿ ಅದೇ 200 ಮೀಟರ್ ಫ್ರೀಸ್ಟೈಲ್‌ಗೆ ಇಳಿದ ಬೆಂಗಳೂರಿನ ಧಿನಿಧಿ ದೇಸಿಂಗುಗೆ ಆಗ ಹದಿನಾಲ್ಕು ವರ್ಷ. ಚಿಕ್ಕವಳಿದ್ದಾಗ ನೀರಿಗೆ ಕಾಲಿಡಲೂ ಇಷ್ಟವಿರಲಿಲ್ಲ ಎಂದು ಆಕೆಯೇ ಹೇಳಿಕೊಂಡಿದ್ದಾಳೆ. ನಿಮ್ಮ ಮಗು ಒಲಿಂಪಿಕ್ಸ್‌ಗೆ ಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಮೊದಲ ವಾರದ ಅಳು ಯಾವುದರ ಮುನ್ಸೂಚನೆಯೂ ಅಲ್ಲ ಎನ್ನುತ್ತಿದ್ದೇನೆ, ಅಷ್ಟೇ.

ದಡದಲ್ಲಿ ಕೂರುವುದು

‘ಇಲ್ಲೇ ಕೂತಿರುತ್ತೇನೆ’ ಎಂದಿದ್ದರೆ ಅಲ್ಲೇ ಕೂತಿರಿ. ಮಗು ನೀರಿನಿಂದ ತಲೆಯೆತ್ತಿ ಮೊದಲು ಹುಡುಕುವುದು ನಿಮ್ಮನ್ನು. ಹುಡುಕಿದಾಗ ನೀವು ಕಾಫಿಗೆ ಹೋಗಿರಬಾರದು, ಮೊಬೈಲ್‌ನಲ್ಲಿ ತಲೆ ಹುದುಗಿಸಿರಲೂ ಬಾರದು. ವಿಡಿಯೊ ಕೊನೆಯ ದಿನ ಮಾಡಿದರಾಯಿತು, ಅದರಲ್ಲೂ ಬೇರೆ ಮಕ್ಕಳು ಬಾರದ ಹಾಗೆ.

ಬಾಯಿ ಮುಚ್ಚಿಕೊಂಡಿರುವುದು ಇದಕ್ಕಿಂತ ಕಷ್ಟ. ಕೋಚ್ ‘ಗುಳ್ಳೆ ಬಿಡು’ ಎನ್ನುತ್ತಿರುವಾಗ ನೀವು ‘ಕೈ ಬೀಸು’ ಎಂದರೆ ಮಗು ಎರಡನ್ನೂ ಮಾಡುವುದಿಲ್ಲ. ಕಿವಿಯಲ್ಲಿ ನೀರು, ತಲೆಯ ಮೇಲೆ ಟೋಪಿ, ಸುತ್ತ ಗದ್ದಲ. ನಿಮ್ಮ ಮಾತು ಅದಕ್ಕೆ ಕೇಳಿಸುವುದೂ ಇಲ್ಲ, ಮುಖದ ಮೇಲಿನ ಸಿಟ್ಟು ಮಾತ್ರ ಕಾಣಿಸುತ್ತದೆ. ನೀವು ದನಿ ಎತ್ತಬೇಕಾದ ಸಂದರ್ಭ ಒಂದೇ: ತುಟಿ ನೀಲಿಯಾಗಿ ಮಗು ಗಡಗಡ ನಡುಗುತ್ತಿದ್ದರೆ, ತರಗತಿ ಮುಗಿಯದಿದ್ದರೂ, ಕೋಚ್‌ಗೆ ಹೇಳಿ ಹೊರಗೆ ತೆಗೆದುಕೊಂಡು ಬೆಚ್ಚಗೆ ಸುತ್ತಿ.

ಮನೆಗೆ ಮರಳುವ ದಾರಿಯಲ್ಲಿ ‘ಇವತ್ತು ಎಷ್ಟು ದೂರ ಈಜಿದೆ?’ ಎಂದು ಕೇಳುವ ಬದಲು ‘ಇವತ್ತು ಮೂಗಿಗೆ ನೀರು ಹೋಯಿತೇ?’ ಎಂದು ಕೇಳಿ ನೋಡಿ. ಮೊದಲನೆಯ ಪ್ರಶ್ನೆಗೆ ಉತ್ತರ ಒಂದು ಸಂಖ್ಯೆ, ಎರಡನೆಯದಕ್ಕೆ ಒಂದು ಕಥೆಯೇ ಬರುತ್ತದೆ.

ಹತ್ತನೆಯ ದಿನದ ನಿಲುಗಡೆ

ಕಲಿಕೆಯ ಸಾಲು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಗುಳ್ಳೆ, ಮುಳುಗಿ ಏಳುವುದು, ತೇಲುವುದು, ಗೋಡೆಗೆ ಒದ್ದು ಬಾಣದಂತೆ ಜಾರುವುದು, ಹಲಗೆ ಹಿಡಿದು ಕಾಲು ಬಡಿಯುವುದು, ಕೈ ಬೀಸುವುದು, ಕೊನೆಗೆ ಪಕ್ಕಕ್ಕೆ ಮುಖ ತಿರುಗಿಸಿ ಉಸಿರು ತೆಗೆದುಕೊಳ್ಳುವುದು. ಕೈ ಬೀಸುವವರೆಗೆ ಓಡುವ ಬಂಡಿ ಉಸಿರಿನ ಹತ್ತಿರ ನಿಂತುಬಿಡುತ್ತದೆ. ಮಗು ಪಕ್ಕಕ್ಕೆ ತಿರುಗುವ ಬದಲು ತಲೆಯನ್ನು ಮೇಲೆತ್ತುತ್ತದೆ, ತಲೆ ಎದ್ದರೆ ಸೊಂಟ ಮುಳುಗುತ್ತದೆ, ಸೊಂಟ ಮುಳುಗಿದರೆ ಕಾಲು ಹೂತುಹೋಗುತ್ತದೆ, ಗಾಬರಿಯಲ್ಲಿ ನೀರು ಕುಡಿಯುತ್ತದೆ. ನಿನ್ನೆ ಹತ್ತು ಮೀಟರ್ ಹೋದ ಮಗು ಇವತ್ತು ಐದಕ್ಕೇ ನಿಂತರೆ ಕಾರಣ ಇದು. ಸೋಮಾರಿತನವಲ್ಲ.

ಸಾಮಾನ್ಯವಾಗಿ ಪಕ್ಕದ ಮನೆಯ ಮಗು ಮುಂದೆ ಹೋಗುವುದೂ, ‘ವಿಶೇಷ ತರಗತಿ ತೆಗೆದುಕೊಳ್ಳಿ’ ಎಂಬ ಸಲಹೆ ಬರುವುದೂ ಈ ಹೊತ್ತಿಗೇ. ಹಣವಿದ್ದರೆ ತೆಗೆದುಕೊಳ್ಳಿ, ತಪ್ಪೇನಿಲ್ಲ. ಇಲ್ಲದಿದ್ದರೆ ಭಾನುವಾರ ಮಗುವನ್ನು ಸುಮ್ಮನೆ ಆಡಲು ಕರೆದುಕೊಂಡು ಹೋಗಿ. ತಗ್ಗಿನ ನೀರಿನಲ್ಲಿ ಕೈಗೆಟುಕುವಷ್ಟು ಹತ್ತಿರ ನೀವು ನಿಂತಿರಿ. ನಾಣ್ಯ ಹೆಕ್ಕುವುದು, ಮೀನಿನ ಹಾಗೆ ಮಗುಚಿ ಬೆನ್ನ ಮೇಲೆ ಮಲಗುವುದು, ಹೀಗೆ ಪಾಠದ ಹೆಸರಿಲ್ಲದ ಒಂದು ಗಂಟೆ ಕಳೆಯಲಿ. ಮಗುಚುವ ಆಟದಲ್ಲೇ ನನ್ನ ಮಗನಿಗೆ ಪಕ್ಕದ ಉಸಿರು ಬಂತು.

ಮೇಲೆ ಬಂದ ಮೇಲೆ

ಸಾದಾ ನೀರಿನಲ್ಲಿ ಸೋಪು ಹಚ್ಚಿ ಸ್ನಾನ, ಮೈಗೆ ಸ್ವಲ್ಪ ಕೊಬ್ಬರಿ ಎಣ್ಣೆ. ಕಿವಿಯಲ್ಲಿ ನೀರು ನಿಂತರೆ ತಲೆ ಒಂದು ಪಕ್ಕಕ್ಕೆ ಬಾಗಿಸಿ ಕಿವಿಯ ಹಾಲೆಯನ್ನು ಮೆಲ್ಲಗೆ ಎಳೆದಾಡಿದರೆ ಇಳಿಯುತ್ತದೆ, ಟವೆಲ್ ತುದಿಯಿಂದ ಹೊರಭಾಗ ಒರೆಸಿ. ಹತ್ತಿ ಕಡ್ಡಿ ಹಾಕಬೇಡಿ, ಬಿಸಿ ಎಣ್ಣೆಯನ್ನಂತೂ ಬೇಡವೇ ಬೇಡ. ಕಿವಿಯ ಹಾಲೆ ಮುಟ್ಟಿದರೆ ನೋಯುತ್ತಿದೆ ಎಂದರೆ ಒಳಗೆ ಸೋಂಕಾಗಿರಬಹುದು, ವೈದ್ಯರಿಗೆ ತೋರಿಸಿ.

ಈಜು ಬಂತೇ?

21 ದಿನ ಮುಗಿದು ಪ್ರಮಾಣಪತ್ರ ಕೈಗೆ ಬಂದಿರುತ್ತದೆ. ಅದನ್ನು ಗೋಡೆಗೆ ಹಾಕುವ ಮೊದಲು ಅಮೆರಿಕದ ರೆಡ್‌ಕ್ರಾಸ್ ಹೇಳುವ ಐದು ಕೆಲಸಗಳನ್ನು ಕೋಚ್ ಎದುರಿಗೇ ಮಾಡಿಸಿ ನೋಡಿ.

ತಲೆ ಮುಳುಗುವಷ್ಟು ಆಳದ ನೀರಿಗೆ ಹಾರಿ ಅಥವಾ ಹೆಜ್ಜೆಯಿಟ್ಟು ಇಳಿದು ತಾನಾಗಿ ಮೇಲೆ ಬರಬೇಕು. ಒಂದು ನಿಮಿಷ ತೇಲಬೇಕು, ಇಲ್ಲವೇ ಕೈಕಾಲಾಡಿಸಿ ನಿಂತಲ್ಲೇ ಇರಬೇಕು. ನೀರಿನಲ್ಲೇ ಒಂದು ಸುತ್ತು ತಿರುಗಿ ಹೊರಗೆ ಹೋಗುವ ದಾರಿ ಹುಡುಕಬೇಕು. ಅಲ್ಲಿಗೆ ಸುಮಾರು 23 ಮೀಟರ್, ಅಂದರೆ ಸಣ್ಣ ಕೊಳದ ಒಂದು ಉದ್ದ, ಈಜಬೇಕು. ಏಣಿ ಹಿಡಿಯದೆ ಮೇಲೆ ಹತ್ತಬೇಕು.

ಹೊಡೆತ ಚೆಂದವಿರಬೇಕೆಂದಿಲ್ಲ, ನಾಯಿಯ ಹಾಗೆ ಕೈಕಾಲು ಬಡಿದರೂ ಆದೀತು. ಮೊದಲ ಬೇಸಿಗೆಯಲ್ಲೇ ಐದನ್ನೂ ಮಾಡುವ ಮಕ್ಕಳು ಕಡಿಮೆ. ನನ್ನ ಮಗಳಿಗೆ ಎರಡು ಬೇಸಿಗೆ ಮತ್ತು ಒಂದು ದಸರಾ ರಜೆ ಬೇಕಾಯಿತು. ಮೂರೋ ನಾಲ್ಕೋ ಬಂದಿದ್ದರೆ, ಮುಂದಿನ ಏಪ್ರಿಲ್‌ವರೆಗೆ ಕಾಯದೆ ತಿಂಗಳಿಗೆರಡು ಸಲವಾದರೂ ನೀರಿಗಿಳಿಸಿ. ಇಲ್ಲದಿದ್ದರೆ ಹೆದರಿಕೆ ಹತ್ತು ತಿಂಗಳಲ್ಲಿ ಮರಳಿ ಬಂದಿರುತ್ತದೆ.

ಕೊಳದ ಹೊರಗಿನ ನೀರು

ಈ ಭಾಗವನ್ನು ಸ್ವಲ್ಪ ಗಟ್ಟಿ ದನಿಯಲ್ಲೇ ಹೇಳುತ್ತೇನೆ. ಕೊಳದಲ್ಲಿ ಈಜಿದ ಮಗುವಿಗೆ ಕೆರೆ, ನಾಲೆ, ಸಮುದ್ರದಲ್ಲಿ ಈಜು ಬರುತ್ತದೆ ಎಂದುಕೊಳ್ಳಬೇಡಿ. ಕೊಳದ ನೀರು ನಿಂತ ನೀರು, ತಳ ಕಾಣುತ್ತದೆ, ಅಂಚು ಕೈಗೆಟುಕುತ್ತದೆ. ಕಾವೇರಿಯಲ್ಲಿ ಸುಳಿ ಇದೆ, ನಾಲೆಯ ಕಾಂಕ್ರೀಟ್ ಇಳಿಜಾರಿನಲ್ಲಿ ಪಾಚಿ ಇದೆ, ಗೋಕರ್ಣ, ಮುರುಡೇಶ್ವರಗಳ ಕಡಲಿನಲ್ಲಿ ದಡದಿಂದ ಒಳಕ್ಕೆ ಎಳೆಯುವ ಸೆಳೆತವಿದೆ. ಎಲ್ಲಕ್ಕಿಂತ ಹತ್ತಿರದ್ದು ಕೃಷಿ ಹೊಂಡ. ಅಜ್ಜಿಯ ಊರಿನಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡವಿದ್ದರೆ, ಒದ್ದೆಯಾದ ಆ ಹಾಳೆಯ ಮೇಲೆ ದೊಡ್ಡ ಈಜುಗಾರನೂ ಮೇಲೆ ಹತ್ತಲಾರ ಎಂದು ಮಗುವಿಗೆ ಸ್ಥಳದಲ್ಲೇ ತೋರಿಸಿ ಹೇಳಿ. ಬೇಲಿ ಹಾಕಿಸಿ. ಹೊಂಡದೊಳಕ್ಕೆ ಗಂಟು ಹಾಕಿದ ಹಗ್ಗವೊಂದನ್ನು ಇಳಿಬಿಟ್ಟು ಮೇಲೆ ಗೂಟಕ್ಕೆ ಕಟ್ಟಿಡಿ. ಖರ್ಚು ಹಗ್ಗದ್ದು ಮಾತ್ರ.

ಮುಳುಗುವವರು ಸಿನಿಮಾದಲ್ಲಿ ಕೂಗುತ್ತಾರೆ, ನಿಜದಲ್ಲಿ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿರುತ್ತದೆ, ಉಸಿರಿಗೇ ಬಿಡುವಿಲ್ಲ, ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಒಂದು ನಿಮಿಷದೊಳಗೆ ಎಲ್ಲ ಮುಗಿಯಬಹುದು. ಜೊತೆಯವರು ಮುಳುಗಿದಾಗ ಹಾರಬಾರದು ಎಂದು ಮಗುವಿಗೆ ಕಲಿಸಿ: ದಡದಿಂದಲೇ ಕೋಲು, ಪಂಚೆ, ಸೀರೆ ಚಾಚಬೇಕು, ಮುಚ್ಚಳ ಹಾಕಿದ ಖಾಲಿ ಕ್ಯಾನ್, ಟ್ಯೂಬ್ ಎಸೆಯಬೇಕು, ದೊಡ್ಡವರನ್ನು ಕೂಗಬೇಕು. ಒಬ್ಬರನ್ನು ಉಳಿಸಲು ಹಾರಿ ಮೂವರು ಹೋದ ಸುದ್ದಿಯನ್ನು ನಾವು ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ.

ದೊಡ್ಡವರಿಗೆ: ಮೇಲೆತ್ತಿದ ಮಗು ಉಸಿರಾಡದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು, ಎದೆ ಒತ್ತುವುದು ತಕ್ಷಣ ಶುರುವಾಗಬೇಕು, ಇನ್ನೊಬ್ಬರು 112 ಅಥವಾ 108ಕ್ಕೆ ಕರೆಮಾಡಬೇಕು. ಹೊಟ್ಟೆ ಒತ್ತುವುದು, ತಲೆಕೆಳಗು ಮಾಡಿ ಗಿರಗಿರ ತಿರುಗಿಸುವುದು ಬೇಡ. 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಮೊಬೈಲ್‌ನಲ್ಲಿ ಹರಿದಾಡಿದ ಸಂದೇಶ ನಂಬಿ, ಮುಳುಗಿ ಸತ್ತ ಬಾಲಕನ ದೇಹವನ್ನು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಮಲಗಿಸಿ ಜೀವ ಬರುವುದನ್ನು ಕಾದರು. ಉಸಿರು ಕೊಡುವುದು, ಎದೆ ಒತ್ತುವುದನ್ನು ಓದಿ ಕಲಿಯಲಾಗುವುದಿಲ್ಲ. ಹತ್ತಿರದ ಆಸ್ಪತ್ರೆಯಲ್ಲೋ ರೆಡ್‌ಕ್ರಾಸ್ ಶಾಖೆಯಲ್ಲೋ ಪ್ರಥಮ ಚಿಕಿತ್ಸೆಯ ತರಬೇತಿ ಇದೆಯೇ ವಿಚಾರಿಸಿ, ಅರ್ಧ ದಿನ ಹೋಗಿ ಗೊಂಬೆಯ ಮೇಲೆ ಅಭ್ಯಾಸ ಮಾಡಿ ಬನ್ನಿ.

ನಿಮಗೇ ಈಜು ಬಾರದಿದ್ದರೆ, ಮಗುವಿನ ತರಗತಿ ಮುಗಿದ ಮೇಲೆ ಅದೇ ಕೊಳದಲ್ಲಿ ವಯಸ್ಕರ ತರಗತಿ ಎಷ್ಟು ಹೊತ್ತಿಗೆ ಎಂದು ಕೇಳಿ. ನಾನು ನಲವತ್ಮೂರಕ್ಕೆ ಸೇರಿದೆ. ಮುಖ ಅದ್ದಿ ಗುಳ್ಳೆ ಬಿಡಲು ಮಗನಿಗೆ ಎರಡು ದಿನ ಸಾಕಾಗಿತ್ತು, ನನಗೆ ಆರು ದಿನ ಹಿಡಿಯಿತು. ಐದನೆಯ ದಿನ ಕಂಬಿ ಹಿಡಿದುಕೊಂಡು ನಿಂತಿದ್ದಾಗ ಕೋಚ್, ‘ತಳ್ಳಲೇ ಸರ್?’ ಎಂದು ಕೇಳಿದರು. ಬೇಡ ಎಂದೆ.